ಎಡಕ್ಕೆ ನೋಡುವ ಗಿಣಿ

ಹಳೆಯ ಲಗ್ನಪತ್ರಿಕೆಗೆ ಒಂದು ವಾಸನೆಯಿದೆ. ಮೂಲೆಗೆ ಹಚ್ಚಿದ ಅರಿಷಿಣ, ಅಗ್ಗದ ಶಾಯಿ, ಪೆಟ್ಟಿಗೆಯೊಳಗಿನ ಡಾಂಬರು ಗುಳಿಗೆ, ಮೂರೂ ಕೂಡಿದ ವಾಸನೆ ಅದು. ಬಸವಕಲ್ಯಾಣದಲ್ಲಿ ಮಾದೇವಿಯ ಮನೆಯ ಗಾಜಿನ ಕಪಾಟಿನ ಬಾಗಿಲು ತೆರೆದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ನಾನು ಹೋದದ್ದು ಅವಳ ಮಗಳು ಜಯಶ್ರೀಯ ಮದುವೆಗೆ. ಬಂದವಳು ಕೈಕಾಲು ತೊಳೆದು, ಚಹಾ ಕುಡಿದು, ಸುಮ್ಮನೆ ಕೂಡಬಹುದಿತ್ತು. ಕಪಾಟು ತೆರೆಯಬಾರದಿತ್ತು.

ಮೇಲಿನ ಅಂಕಣದಲ್ಲಿ ಎರಡು ಕಾಗದದ ಗಿಣಿಗಳಿದ್ದವು. ಒಂದು ಬಲಕ್ಕೆ ನೋಡುತ್ತಿತ್ತು, ಇನ್ನೊಂದು ಎಡಕ್ಕೆ. ಇಪ್ಪತ್ತು ವರ್ಷದಾಚೆಯ ಹೊಟ್ಟೆಕಿಚ್ಚು ನಿದ್ದೆಯಿಂದ ಎದ್ದಂತೆ ಎದ್ದು ಕುಳಿತಿತು. ಹೊಟ್ಟೆಕಿಚ್ಚು ಅಂತ ನಾನೇ ಹೇಳುತ್ತಿದ್ದೇನೆ. ಬೇರೆ ಯಾರಾದರೂ ಹೇಳಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಅರವತ್ತರ ದಶಕದ ಒಂದು ಬೇಸಿಗೆ. ಹುಮನಾಬಾದಿನಲ್ಲಿ ಲಗ್ನಸರಾಯಿ, ಅಂದರೆ ಮದುವೆಗಳ ಹಂಗಾಮು, ಜೋರಾಗಿತ್ತು. ನಮ್ಮ ಓಣಿಯಲ್ಲಿ ಮನೆಗೊಂದು ಹಂದರ ಬಿದ್ದಿತ್ತು ಎಂದರೆ ನಡೆಯುತ್ತದೆ. ನಮ್ಮ ಕಡೆ ಮದುವೆಯಲ್ಲಿ ರುಖವತ ಇಡುವ ಪದ್ಧತಿ. ಹೆಣ್ಣಿನ ಕಡೆಯವರು ತಾವು ಕೈಯಾರೆ ಮಾಡಿದ್ದನ್ನೆಲ್ಲ ಒಂದು ಕೋಣೆಯಲ್ಲಿ ಸಾಲಾಗಿ ಜೋಡಿಸುತ್ತಾರೆ: ಹಪ್ಪಳದ ಗೋಪುರ, ಶಾವಿಗೆಯ ಗುಡಿಸಲು, ಹತ್ತಿಯ ಗುಡಿ, ಚಿತ್ರ ಕೊರೆದ ಕೊಬ್ಬರಿ ಬಟ್ಟಲು. ಗಂಡಿನ ಕಡೆಯ ಹೆಂಗಸರು ಬಂದು ನೋಡುತ್ತಾರೆ, ಮೂಗು ಮುರಿಯುತ್ತಾರೆ, ಚೇಷ್ಟೆ ಮಾಡುತ್ತಾರೆ, ಕೊನೆಗೆ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತಾರೆ. ಹುಡುಗಿಗೆ ಅಡುಗೆ ಬರುತ್ತದೋ ಇಲ್ಲವೋ ಆಮೇಲಿನ ಮಾತು. ರುಖವತ ಚೆನ್ನಾಗಿದ್ದರೆ ಸೊಸೆ ಮೊದಲ ದಿನ ತಲೆಯೆತ್ತಿ ಹೊಸ್ತಿಲು ದಾಟುತ್ತಾಳೆ.

ನಮ್ಮ ಓಣಿಯಲ್ಲಿ ರುಖವತ ಎಂದರೆ ಶಾಂತಾ, ಅಂದರೆ ನಾನು. ನನಗೆ ಆಗ ಇನ್ನೂ ಮದುವೆಯಾಗಿರಲಿಲ್ಲ. ರಟ್ಟು ಕತ್ತರಿಸಿ, ಮೈದಾಹಿಟ್ಟಿನ ಅಂಟು ಕುದಿಸಿ, ಹತ್ತಿ ಹಚ್ಚಿ, ಬಣ್ಣ ಬಳಿದು ನಾನು ಕಟ್ಟಿದ ಮನೆಗಳನ್ನು ನೋಡಿ ಬೀದರದಿಂದ ಬಂದ ಬೀಗರೂ ಬೆರಳು ಕಚ್ಚಿದ್ದಿದೆ. ನಾನು ಕೆಲಸ ಮಾಡುವಾಗ ಯಾರೂ ಮುಟ್ಟುವ ಹಾಗಿರಲಿಲ್ಲ. ನೋಡಬೇಕಾದರೆ ಬಾಗಿಲಲ್ಲಿ ನಿಂತು ನೋಡಬೇಕು. ಹಾಗೆ ನಿಂತವರು ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದರು, ಅದು ನನಗೆ ಬಹಳ ಇಷ್ಟವಾಗುತ್ತಿತ್ತು.

ಒಳಗೆ ಬರಲು ಪರವಾನಗಿ ಇದ್ದದ್ದು ಮಾದೇವಿಗೆ ಒಬ್ಬಳಿಗೇ. ಅವಳದ್ದು ನಮ್ಮ ಪಕ್ಕದ ಮನೆ, ನಡುವೆ ಒಂದು ಗೋಡೆ. ಗೋಡೆಯಲ್ಲಿ ಒಂದು ಗವಾಕ್ಷಿ ಇತ್ತು, ಅದರೊಳಗಿಂದ ನಾವು ಉಪ್ಪಿನಕಾಯಿ, ಪೆನ್ಸಿಲು, ಗುಟ್ಟು ಎಲ್ಲವನ್ನೂ ದಾಟಿಸಿದ್ದೆವು. ಲಂಗ ತೊಡುವ ವಯಸ್ಸಿನಲ್ಲೇ ಮಾತಾಗಿತ್ತು: ಅವಳ ರುಖವತ ನಾನು ಮಾಡಬೇಕು, ನನ್ನದಕ್ಕೆ ಅವಳು ಕೈಹಚ್ಚಬೇಕು. ಆ ವರ್ಷ ಬಸವಕಲ್ಯಾಣದ ಕಿರಾಣಿ ಅಂಗಡಿಯವರ ಮನೆಯ ಹುಡುಗನೊಂದಿಗೆ ಅವಳ ಮದುವೆ ಗೊತ್ತಾಯಿತು. ನಾನು ಏನು ಕಟ್ಟಬೇಕೆಂದು ಯಾವಾಗಲೋ ಮನಸ್ಸಿನಲ್ಲಿ ಮಾಡಿಟ್ಟಿದ್ದೆ. ಅವಳ ತವರುಮನೆಯನ್ನೇ ಕಟ್ಟುವುದು. ಕಟ್ಟೆ, ತಲೆಬಾಗಿಲು, ಪಡಸಾಲೆ, ಕೊನೆಗೆ ನಡುಗೋಡೆಯ ಆ ಗವಾಕ್ಷಿ.

ಅಷ್ಟರಲ್ಲಿ ಎದುರು ಮನೆಗೆ ಕಸ್ತೂರಿ ಸೊಸೆಯಾಗಿ ಬಂದಳು.

ಉದಗೀರ ಕಡೆಯವಳು. ಅರ್ಧ ಕನ್ನಡ, ಅರ್ಧ ಮರಾಠಿ, ನಡುನಡುವೆ ಉರ್ದು. ಅವಳ ಗಂಡನದು ಬಸ್‌ಸ್ಟ್ಯಾಂಡಿನ ಹತ್ತಿರ ಪಾನ್ ಅಂಗಡಿ. ಸಂಜೆ ಅವನು ಮನೆಗೆ ಬರುವಾಗ ಖಾಲಿ ಸಿಗರೇಟು ಪಾಕೀಟುಗಳ ಒಂದು ಚೀಲ ತರುತ್ತಿದ್ದ. ಅವಳು ಕಟ್ಟೆಯ ಮೇಲೆ ಕುಳಿತು ಅವನ್ನು ಬಿಡಿಸಿ, ಚೌಕಾಕಾರ ಕತ್ತರಿಸಿ, ಮಡಚುತ್ತಿದ್ದಳು. ಒಂದೊಂದು ಮಡಿಕೆಗೂ ಎರಡು ಕಿವಿ, ಎರಡು ಕಿಸೆ. ಒಂದರ ಕಿವಿ ಇನ್ನೊಂದರ ಕಿಸೆಯೊಳಗೆ ಸಿಗಿಸುವುದು, ಅದರ ಕಿವಿ ಮತ್ತೊಂದರೊಳಗೆ. ಅಂಟಿಲ್ಲ, ದಾರವಿಲ್ಲ. ಆ ತುಣುಕಿಗೆ ಅವಳು ಕೊಂಡಿ ಅನ್ನುತ್ತಿದ್ದಳು. ಎಲ್ಲ ಕೊಂಡಿಗಳೂ ಒಂದೇ ನಮೂನೆ, ಆದರೆ ಮೊದಲ ವಾರ ಬುಟ್ಟಿ ಆಯಿತು, ಮರುವಾರ ಆ ಬುಟ್ಟಿಯನ್ನೇ ಬಿಚ್ಚಿ ಕಮಾನು ಮಾಡಿದಳು, ಕಮಾನು ಬಿಚ್ಚಿ ಕೋಳಿ ಮಾಡಿದಳು.

ನನ್ನ ಮನೆಗಳನ್ನು ಬಿಚ್ಚಲು ಬರುತ್ತಿರಲಿಲ್ಲ. ಬಿಚ್ಚಿದರೆ ಹರಿಯುತ್ತಿದ್ದವು.

ಓಣಿಯ ಹೆಂಗಸರಿಗೆ ಹುಚ್ಚು ಹಿಡಿಯಿತು. ಇದರಲ್ಲಿ ಮುಟ್ಟಬಾರದು ಎನ್ನುವ ಮಾತೇ ಇರಲಿಲ್ಲವಲ್ಲ. ಕಣ್ಣು ಮಂಜಾದ ಮುದುಕಿಯೂ ಬೆರಳಿನ ಅಂದಾಜಿನಲ್ಲಿ ಮಡಚುತ್ತಿದ್ದಳು. ರೊಟ್ಟಿ ಬಡಿಯುವ ನಡುವೆ ಒಂದು, ಮಗುವಿಗೆ ಹಾಲು ಕೊಡುವಾಗ ಒಂದು. ಸೆರಗಿನಲ್ಲಿ ಕಟ್ಟಿಕೊಂಡು ತಂದು ಕಸ್ತೂರಿಯ ಬುಟ್ಟಿಗೆ ಸುರಿಯುತ್ತಿದ್ದರು. ಅವಳು ನೋಡಿ, "ಏ ಕಮಾಲ್ ಮಾಡೀರಿ ಅವ್ವಾ" ಅನ್ನುತ್ತಿದ್ದಳು, ಸೊಟ್ಟ ಮಡಚಿದ್ದಕ್ಕೂ ಅನ್ನುತ್ತಿದ್ದಳು. ಸೊಟ್ಟದ್ದನ್ನು ಯಾರಿಗೂ ಕಾಣದ ಒಳಸಾಲಿಗೆ ಸಿಗಿಸುತ್ತಿದ್ದಳು. ನನ್ನ ಬಾಗಿಲಲ್ಲಿ ಬಾಯಿ ತೆರೆದು ನಿಲ್ಲುತ್ತಿದ್ದವರೆಲ್ಲ ಈಗ ಅವಳ ಕಟ್ಟೆಯ ಮೇಲೆ ಬಾಯಿ ತುಂಬ ಮಾತಾಡುತ್ತ ಕುಳಿತಿದ್ದರು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಮಾದೇವಿ ನಮ್ಮ ಮನೆಗೆ ಬಂದಳು. ನಾನು ಅವಳ ತವರಿನ ಪಡಸಾಲೆಗೆ ಕಂಬ ಅಂಟಿಸುತ್ತಿದ್ದೆ. ಕಂಬ ಹಿಡಿದುಕೋ ಎಂದು ಅವಳ ಕೈ ಎಳೆದುಕೊಂಡರೆ ಬೆರಳಿಗೆ ತಂಬಾಕಿನ ವಾಸನೆ.

"ಎಲ್ಲಿಗಿ ಹೋಗಿದ್ದಿ?"

"ಕಸ್ತೂರಿ ವೈನಿ ಕಡೀಗಿ. ಕಮಾನ ಹ್ಯಾಂಗ ಮಾಡ್ಯಾಳ ನೋಡ ಬಾ ಶಾಂತಾ. ನಾನೂ ಒಂದಿಷ್ಟು ಮಡಚಿ ಬಂದೆ."

"ನಿನ್ನ ಮದಿವಿ ಬಾಜೂಕ ಇಟ್ಟು ಸಿಗರೇಟ ಪಾಕೀಟ ಮಡಚಾಕತ್ತಿ ಏನ?"

"ಮದಿವೀ ಸಲುವಾಗೇ ಮಡಚಾಕತ್ತೇನಿ," ಅಂದಳು. ಕಂಬ ಹಿಡಿದಿದ್ದ ಅವಳ ಕೈ ಅಲುಗಲಿಲ್ಲ. "ರುಖವತಕ್ಕ ಒಂದು ದೊಡ್ಡ ದರವಾಜಿ ಮಾಡಿ ಕೊಡತೀನಿ ಅಂದಾಳ. ಎರಡು ಕಡಿಗಿ ಎರಡು ಗಿಣಿ. ಹಾದು ಒಳಗ ಹೋಗಬೇಕು, ಒಳಗ ನೀ ಮಾಡಿದ ಮನಿ. ಚಂದ ಆಗತದ ಇಲ್ಲ?"

ಚಂದ ಆಗುತ್ತದೆ ಎಂದು ನನಗೂ ಗೊತ್ತಿತ್ತು, ಸಂಕಟ ಇದ್ದದ್ದೇ ಅಲ್ಲಿ. ನೋಡುವವರಿಗೆ ಮೊದಲು ಕಾಣುವುದು ಬಾಗಿಲು. ಮನೆ ಆಮೇಲೆ.

ನಾನು ಸುಮ್ಮನೆ ಬಿಡಲಿಲ್ಲ. ಮಾದೇವಿಯ ಅವ್ವ ಗುರಮ್ಮ ಕಾಕಿ ಮಡಿವಂತಿಕೆಯ ಹೆಂಗಸು, ಅವಳ ಕಿವಿಗೆ ಹಾಕಿದೆ. ಮದುವೆಯ ಮನೆಯಲ್ಲಿ ಸಿಗರೇಟು ಪಾಕೀಟು ಇಟ್ಟರೆ ಬೀಗರು ಏನಂದಾರು ಎಂದೆ. ಕಾಕಿ ಗದ್ದಕ್ಕೆ ಕೈಹಚ್ಚಿದಳು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಆದರೆ ಕಸ್ತೂರಿ ಒಂದು ಚೂರೂ ಮುಖ ಬಾಡಿಸಲಿಲ್ಲ.

"ಬರೋಬ್ಬರಿ ಅದರಿ ಕಾಕಿ. ಪಾಕೀಟ ಬ್ಯಾಡ. ಎಲ್ಲಾರ ಮನ್ಯಾಗ ಹಳೀ ಲಗ್ನಪತ್ರಿಕಿ ಬಿದ್ದಾವಲ್ಲ, ಅವನ್ನ ಕೊಡ್ರಿ. ಎಷ್ಟೊಂದು ಮಂದಿ ಮದಿವಿ ಕೂಡಿ ನಮ್ಮ ಮಾದೇವಿ ದರವಾಜಿ ಆಗತದ."

ಕಾಕಿಯ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂದಿರಬೇಕು, ಬೇರೆ ಕಾರಣಕ್ಕೆ. ಇಂಥ ಮಾತು ನನಗೆ ಯಾಕೆ ಹೊಳೆಯುವುದಿಲ್ಲ?

ಗೂಡು, ಪೆಟ್ಟಿಗೆ, ಜಂತಿಯ ಸಂದಿಗಳಿಂದ ಪತ್ರಿಕೆಗಳು ಹೊರಬಿದ್ದವು. ಗುಲಾಬಿ, ಹಳದಿ, ತಿಳಿಹಸಿರು. ನಿಜಾಮರ ಕಾಲದವು ಉರ್ದುವಿನಲ್ಲಿ, ಆಮೇಲಿನವು ಮರಾಠಿಯಲ್ಲಿ, ಇತ್ತೀಚಿನವು ಕನ್ನಡದಲ್ಲಿ. ದೇವರ ಚಿತ್ರ ಇದ್ದ ಭಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಚೌಕ ಮಾಡುತ್ತಿದ್ದರು. ಆ ವರ್ಷದ ಬಿಸಿಲು ಹೇಗಿತ್ತೆಂದರೆ, ಮಧ್ಯಾಹ್ನದ ಗಾಳಿಗೆ ಕಾಗದ ಒಣಗಿ ಮಡಚಿದಲ್ಲೇ ಟಪ್ಪೆಂದು ಸೀಳುತ್ತಿತ್ತು. ಅದಕ್ಕೆ ಕಸ್ತೂರಿ ಪತ್ರಿಕೆಗಳನ್ನು ನೀರಿನ ಹರವಿಯ ಪಕ್ಕದಲ್ಲಿ ಒದ್ದೆ ಬಟ್ಟೆ ಹೊದಿಸಿ ಇಡುತ್ತಿದ್ದಳು. ಮುಂಜಾನೆ ಅವು ವೀಳ್ಯದೆಲೆಯಷ್ಟು ಮೆತ್ತಗಾಗುತ್ತಿದ್ದವು. ಇದನ್ನೆಲ್ಲ ನಾನು ಹೇಗೆ ಬಲ್ಲೆ ಎಂದರೆ, ನೋಡುತ್ತಿದ್ದೆ. ನಮ್ಮ ಮನೆಯ ಕಿಟಕಿ ಸರಿಯಾಗಿ ಅವಳ ಕಟ್ಟೆಯ ಎದುರಿಗೇ ಇತ್ತು.

ಒಂದು ದಿನ ಅವಳು ತಲೆ ಎತ್ತಿ ನನ್ನನ್ನು ನೋಡಿಬಿಟ್ಟಳು. ಪಕ್ಕದಲ್ಲಿ ಮಾದೇವಿ ಅವಳ ತೊಡೆಗೆ ತೊಡೆ ಹಚ್ಚಿ ಕುಳಿತಿದ್ದಳು.

"ಶಾಂತಕ್ಕ, ಅಲ್ಲಿ ಯಾಕ ನಿಂತೀರಿ, ಬರ್ರಿ. ನನ್ನ ಬಾಜೂಕ ಕುಂದರ್ರಿ. ಎದುರಿಗಿ ನಿಂತು ನೋಡಿದ್ರ ಎಲ್ಲಾ ಉಲ್ಟಾ ಬರತದ."

"ನನಗೇನ ಬೇಕಾಗಿಲ್ಲ ನಿಮ್ಮ ಮಡಿಕಿ," ಅಂದು ಕಿಟಕಿ ಹಾಕಿದೆ. ಸಂದಿ ಮಾತ್ರ ಬಿಟ್ಟೆ.

ಬಾಜೂಕೆ ಜಾಗವೇನೋ ಇತ್ತು, ಆದರೆ ಒಂದೇ ಕಡೆ. ಇನ್ನೊಂದು ಕಡೆ ಮಾದೇವಿ ಕುಳಿತಿದ್ದಳಲ್ಲ. ನಾನು ಹೋಗಿ ಕೂತಿದ್ದರೆ ಕಸ್ತೂರಿ ನಡುವೆ, ನಾವಿಬ್ಬರು ಆಚೆ ಈಚೆ.

ಸಂದಿಯಿಂದ ನೋಡಿ ನೋಡಿ ಮಡಚುವುದನ್ನು ಕಲಿತೆ. ಬಾಗಿಲು ಹಾಕಿಕೊಂಡು ಒಂದು ಮಾಡಿದೆ, ಎರಡು ಮಾಡಿದೆ, ಎರಡೂ ಒಂದರೊಳಗೊಂದು ಸರಕ್ಕೆಂದು ಸಿಕ್ಕಿಕೊಂಡವು. ಹೇಳಲು ನಾಚಿಕೆಯಿಲ್ಲ, ಆ ಸದ್ದಿಗೆ ಮೈ ಝುಂ ಎಂದಿತು. ಅಂಟು ಒಣಗಲು ಕಾಯಬೇಕಾಗಿಲ್ಲ, ಉಸಿರು ಬಿಗಿಹಿಡಿಯಬೇಕಾಗಿಲ್ಲ. ನಮ್ಮ ಮನೆಯ ಪತ್ರಿಕೆಗಳೆಲ್ಲ ಮುಗಿದವು. ಮಾದೇವಿಯ ಮನೆಯ ಮಾದರಿಗೆ ಬಣ್ಣ ಹಚ್ಚುವ ಹೊತ್ತಿನಲ್ಲೂ ಕೈ ಅದನ್ನೇ ಮಡಚುತ್ತಿತ್ತು.

ಒಂದು ಸಂಜೆ ಕಸ್ತೂರಿ ನೀರಿಗೆ ಹೋದಾಗ ಅವಳ ಕಟ್ಟೆಯ ಮೇಲೆ ಅರ್ಧ ಆದ ಗಿಣಿ ಇತ್ತು. ಹೋಗಿ ನನ್ನದೊಂದು ಕೊಂಡಿಯನ್ನು ಅದಕ್ಕೆ ಸಿಗಿಸಿ ನೋಡಿದೆ. ಹೋಗಲಿಲ್ಲ. ತಿರುಗಿಸಿದೆ, ಮಗುಚಿದೆ, ಒತ್ತಿದೆ. ಕಿವಿ ಇರಬೇಕಾದಲ್ಲಿ ಕಿಸೆ, ಕಿಸೆ ಇರಬೇಕಾದಲ್ಲಿ ಮಡಿಕೆ. ಎದುರಿಗೆ ನಿಂತು ಕಲಿತದ್ದು, ಅವಳು ಹೇಳಿದ ಹಾಗೆಯೇ ಉಲ್ಟಾ ಬಂದಿತ್ತು. ನನ್ನವು ನನ್ನವುಗಳೊಂದಿಗೆ ಕೂಡುತ್ತಿದ್ದವು, ಓಣಿಯವರ ಯಾವುದರೊಂದಿಗೂ ಕೂಡುತ್ತಿರಲಿಲ್ಲ. ಮನೆಗೆ ಬಂದು ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿ ಮಂಚದ ಕೆಳಗೆ ಎಸೆದೆ. ಆ ಇಡೀ ಬೇಸಿಗೆಯಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದು ಆಗಲೇ.

ಮದುವೆ ಬಸವಕಲ್ಯಾಣದಲ್ಲಿ, ಗಂಡಿನ ಮನೆಯ ಮುಂದೆ. ಹಿಂದಿನ ದಿನ ಬೆಳಗ್ಗೆ ನಾವೆಲ್ಲ ಲಾರಿಯಲ್ಲಿ ಹೊರಟೆವು. ಕಸ್ತೂರಿಯ ದರವಾಜೆ ಬಿಚ್ಚಿಕೊಂಡು ಬುಟ್ಟಿಗಳಲ್ಲಿ ಕುಳಿತಿತ್ತು, ಗಿಣಿಗಳು ಎರಡು ಬೇರೆ ಬೇರೆ ಡಬ್ಬಿಯಲ್ಲಿ. ಲಾರಿ ಕುಣಿದಂತೆಲ್ಲ ಅವಳು ಮಾದೇವಿಯೊಂದಿಗೆ ನಗುತ್ತಿದ್ದಳು. ನನ್ನ ಮನೆ ಮಾತ್ರ ಇಡಿಯಾಗಿ ಒಂದು ಟ್ರಂಕಿನಲ್ಲಿತ್ತು. ಅದು ಅಲುಗಾಡದಿರಲೆಂದು ಸುತ್ತ ಏನಾದರೂ ತುರುಕಬೇಕಿತ್ತು. ಮಂಚದ ಕೆಳಗಿನ ಚೀಲ ನೆನಪಾಗಿ, ಆ ಕೆಲಸಕ್ಕೆ ಬಾರದ ಕೊಂಡಿಗಳನ್ನೆಲ್ಲ ನಾಲ್ಕೂ ಕಡೆ ಸುರಿದಿದ್ದೆ. ದಾರಿಯುದ್ದಕ್ಕೂ ಟ್ರಂಕಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತೆ.

ಬೀಗರ ಮನೆಯಲ್ಲಿ ರುಖವತಕ್ಕೆ ಒಂದು ದೊಡ್ಡ ಕೋಣೆ ಬಿಟ್ಟುಕೊಟ್ಟಿದ್ದರು. ಸಂಜೆ ಗಂಡಿನ ಕಡೆಯ ಹೆಂಗಸರೆಲ್ಲ ನೋಡಲು ಬರುವುದೆಂದು ಗೊತ್ತಾಗಿತ್ತು. ಊಟವಾದ ಮೇಲೆ ಕಸ್ತೂರಿ ದರವಾಜೆ ಜೋಡಿಸಿದಳು. ಎರಡು ಕಂಬ ಎದ್ದವು, ಮೇಲೆ ಕಮಾನು ಕೂತಿತು, ಮೂರು ಲಿಪಿಗಳ ಅಕ್ಷರಗಳು ಅಲ್ಲಲ್ಲಿ ಮಿಂಚಿದವು. ಹೊಟ್ಟೆ ಉರಿಯಿತು, ಕಣ್ಣು ಕೀಳಲಾಗಲಿಲ್ಲ, ಎರಡೂ ನಿಜ. ಕೊನೆಗೆ ಅವಳು ಎರಡು ಗಿಣಿಗಳನ್ನು ಎರಡು ಕಂಬದ ಮೇಲೆ ಇಟ್ಟಳು. ಅವು ಒಂದರ ಪಕ್ಕ ಒಂದು ನಿಂತದ್ದು ಅದೇ ಮೊದಲು. ಹುಮನಾಬಾದಿನಲ್ಲಿ ಒಂದನ್ನು ಮುಗಿಸಿ ಡಬ್ಬಿಗೆ ಹಾಕಿ ಆಮೇಲೆ ಇನ್ನೊಂದನ್ನು ಕಟ್ಟಿದ್ದಳು.

ಎಲ್ಲ ಕೊಂಡಿಗಳೂ ಒಂದೇ ಕಡೆ ಹೊರಳಿದವಾದ್ದರಿಂದ ಗಿಣಿಯ ಕುತ್ತಿಗೆ ತಾನಾಗಿ ಬಲಕ್ಕೆ ವಾಲುತ್ತಿತ್ತು. ಎರಡರದ್ದೂ ಬಲಕ್ಕೇ. ಒಂದು ಗಿಣಿ ಜೊತೆಗಾರನ ಕಡೆ ನೋಡುತ್ತಿದ್ದರೆ, ಇನ್ನೊಂದು ಮುಖ ತಿರುವಿಕೊಂಡು ಗೋಡೆ ನೋಡುತ್ತಿತ್ತು.

ನಾವು ಯಾರೂ ಬಾಯಿ ತೆರೆಯುವ ಮೊದಲೇ ಗಂಡಿನ ಸೋದರತ್ತೆ ಬಾಗಿಲಲ್ಲಿ ಇಣುಕಿದಳು. ದಪ್ಪ ಮೂಗುತಿಯ, ದೊಡ್ಡ ದನಿಯ ಹೆಂಗಸು.

"ಅಯ್ಯ, ಇದೇನ ಇದು! ಒಂದು ಗಿಣಿ ಮಾತಾಡಸಾಕತ್ತದ, ಇನ್ನೊಂದು ಸಿಟ್ಟಿಗೆದ್ದು ಮಾರಿ ತಿರುವ್ಯಾದ. ನಿಮ್ಮ ಹುಡುಗಿ ನಮ್ಮ ಹುಡುಗನ ಕಡಿ ಹಿಂಗ ಮಾರಿ ತಿರುವಾಕಿ ಏನರಿ?"

ಚೇಷ್ಟೆಯೇ ಹೌದು. ರುಖವತದಲ್ಲಿ ಚೇಷ್ಟೆ ಮಾಡದಿದ್ದರೆ ಬೀಗರೇ ಅಲ್ಲ. ಆದರೆ ಅವಳ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಮೆಲ್ಲಗೆ ಅಂದಳು: "ಶಕುನಾ ಛಲೋ ಅಲ್ಲವಾ." ಅಷ್ಟಕ್ಕೇ ಗುರಮ್ಮ ಕಾಕಿಯ ಮುಖ ಕಪ್ಪಿಟ್ಟಿತು. ಮೂಲೆಯಲ್ಲಿ ಎರಡೂ ಕೈಗೆ ಮದರಂಗಿ ಹಚ್ಚಿಕೊಂಡು ಕುಳಿತಿದ್ದ ಮಾದೇವಿ ತಲೆ ತಗ್ಗಿಸಿದಳು. ಆ ಮಾತು ಸಂಜೆಗೆ ಮನೆ ತುಂಬ ಹರಡುತ್ತದೆ, ಆಮೇಲೆ ವರ್ಷಗಟ್ಟಲೆ ಅವಳನ್ನು ಬಿಡುವುದಿಲ್ಲ, ಗಂಡನೊಂದಿಗೆ ಒಂದು ಮಾತು ಹೆಚ್ಚುಕಡಿಮೆಯಾದರೂ ಗಿಣಿಯ ಕಥೆ ತೆಗೆಯುತ್ತಾರೆ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕಸ್ತೂರಿ ಗಿಣಿಯನ್ನು ಹಿಂದೆ ತಿರುಗಿಸಿ ನೋಡಿದಳು. ಬೆನ್ನಿನಲ್ಲಿ ಕಿವಿಗಳೆಲ್ಲ ಹೊರಚಾಚಿ ಮುಳ್ಳುಹಂದಿಯಂತೆ ಕಂಡಿತು. ಕುತ್ತಿಗೆ ಬಿಚ್ಚಿ ಎಡಕ್ಕೆ ಕೂಡಿಸಲು ನೋಡಿದಳು, ಅದು ಮತ್ತೆ ಬಲಕ್ಕೇ ಬಂತು. ಅವಳ ಕೈ ಸೋತದ್ದನ್ನು ನಾನು ಮೊದಲ ಸಲ ನೋಡಿದೆ. ನೋಡಿ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಆ ಬೇಸಿಗೆಯ ಮೊದಲ ತಂಪು ಗಾಳಿ ಬೀಸಿದ ಹಾಗಾಯಿತು.

ಆಗ ಮಾದೇವಿ ತಲೆ ಎತ್ತಿದಳು. ಕಸ್ತೂರಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಶಾಂತಾ, ಏನರ ಮಾಡ."

ಇಡೀ ಬೇಸಿಗೆ ನಾನು ಕಾದಿದ್ದು ಈ ಮೂರು ಮಾತಿಗೆ. ಬಾಗಿಲು ದೂಡಿ ಸೋದರತ್ತೆಯನ್ನು, "ಸಂಜಿಗಿ ಬರ್ರಿ, ಇನ್ನೂ ಮುಗದಿಲ್ಲ," ಎಂದು ಹೊರಗೆ ಹಾಕಿದೆ. ಟ್ರಂಕು ತೆಗೆದೆ. ಮನೆಯನ್ನು ಎತ್ತಿ ಒಂದು ಕಡೆ ಇಟ್ಟು, ಸುತ್ತ ತುರುಕಿದ್ದ ಕೊಂಡಿಗಳನ್ನು ಚಾಪೆಯ ಮೇಲೆ ಸುರಿದೆ. ಕಸ್ತೂರಿ ಒಂದನ್ನು ಎತ್ತಿಕೊಂಡು ಬೆರಳಿನಲ್ಲಿ ಹೊರಳಿಸಿದಳು.

"ಇದು ನಮ್ಮ ಓಣಿ ಕೈದಲ್ಲ. ಉಲ್ಟಾ ಅದ." ನನ್ನ ಮುಖ ನೋಡಿದಳು. ಎಲ್ಲರೂ ನೋಡಿದರು. ಕಿಟಕಿ ಸಂದಿಯ ಕಥೆ ಯಾರಿಗೂ ಹೇಳಬೇಕಾಗಲಿಲ್ಲ. ಒಬ್ಬಳು ಕಿಸಕ್ಕೆಂದಳು. ಕಸ್ತೂರಿ ನಗಲಿಲ್ಲ. "ಇದs ಬೇಕಾಗಿತ್ತು ಶಾಂತಕ್ಕ. ಕೊಡ್ರಿ, ಲಗೂನ ಕಟ್ಟತೀನಿ."

"ಮುಟ್ಟಬ್ಯಾಡ್ರಿ. ನಾನೇ ಕಟ್ಟತೀನಿ."

"ಹಂಗಾದ್ರ ನಾ ಇದನ್ನ ಹಿಡಕೊಂಡು ಎದುರಿಗಿ ಕುಂದರತೀನಿ. ನೋಡಿ ಮಾಡ್ರಿ."

ಅವಳು ತನ್ನ ಗಿಣಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನೆದುರು ಕುಳಿತಳು. ಕನ್ನಡಿ ನೋಡಿ ತಲೆ ಬಾಚಿಕೊಂಡಂತೆ ನಾನು ಅದನ್ನು ನೋಡುತ್ತ ಕಟ್ಟಿದೆ. ಮಡಚಿದ್ದು ಸಿದ್ಧ ಇದ್ದರೆ ಕೂಡಿಸುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಹೊಟ್ಟೆ, ರೆಕ್ಕೆ, ಎದೆ ಆಯಿತು. ಆಮೇಲೆ ಕುತ್ತಿಗೆ. ಒಂದೊಂದೇ ಸಾಲು ಸಿಗಿಸುತ್ತ ಹೋದಂತೆ ಅದು ಮೆಲ್ಲಗೆ, ತಾನಾಗಿ, ಎಡಕ್ಕೆ ವಾಲಿತು. ಮೂಲೆಯಿಂದ ಮಾದೇವಿ "ಅವ್ವಾ" ಅಂದದ್ದು ಕೇಳಿಸಿತು.

ಹೊರಗೆ ಮೋಡ ಕವಿದು ಒಂದು ಅಡ್ಡಮಳೆ ಹೊಡೆಯಿತು, ಮಣ್ಣಿನ ವಾಸನೆ ಕೋಣೆಯೊಳಗೆಲ್ಲ ತುಂಬಿತು. ಮಳೆ ನಿಂತ ಮೇಲೆ ಬೀಗಿತ್ತಿಯರು ಬಂದರು. ಎರಡು ಗಿಣಿಗಳು ಒಂದನ್ನೊಂದು ನೋಡುತ್ತಿದ್ದವು. ಸೋದರತ್ತೆ ಎರಡು ಸಲ ಕಣ್ಣು ತಿಕ್ಕಿದಳು.

"ಮಾತಾಡಿಸಿಬಿಟ್ಟೀರಲ್ಲ! ಯಾರ ಕೈಚಳಕರಿ ಇದು?"

"ನಮ್ಮ ಕಸ್ತೂರಿದರಿ," ಅಂದಳು ಗುರಮ್ಮ ಕಾಕಿ. "ಎದುರಮನಿ ಸೊಸಿ. ಬಂಗಾರದಂಥಾ ಕೈ."

ಕಸ್ತೂರಿ ಬಾಯಿ ತೆರೆದು, "ಇಲ್ಲರಿ, ಒಂದು ಶಾಂತಕ್ಕಂದು," ಎಂದಳು. ಆದರೆ ಹೆಂಗಸರ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಅವಳು ಹಾಗೆ ಹೇಳದೆ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು, ಹಾಯಾಗಿ ಅವಳನ್ನು ಬಯ್ಯಬಹುದಿತ್ತು. ದರವಾಜೆ ದಾಟಿ ಒಳಗೆ ಬಂದವರು ನನ್ನ ಮನೆಯನ್ನು ನೋಡಿ, "ಇದೂ ಛಲೋ ಅದ," ಎಂದರು. ನಡುಗೋಡೆಯ ಗವಾಕ್ಷಿಯನ್ನು ಯಾರೂ ನೋಡಲಿಲ್ಲ. ಮಾದೇವಿಯನ್ನು ಅಷ್ಟರಲ್ಲಿ ಸೀರೆ ಉಡಿಸಲು ಒಳಗೆ ಕರೆದುಕೊಂಡು ಹೋಗಿದ್ದರು. ಮರುದಿನ ಅಕ್ಕಿಕಾಳು ಬಿದ್ದವು, ಅವಳು ಗಂಡನ ಹಿಂದೆ ಹೊಸ್ತಿಲು ದಾಟಿದಳು. ನಾನು ಅವಳಿಗೆ ಹೇಳದೆಯೇ ಲಾರಿ ಹತ್ತಿದೆ.

ಮುಂದಿನ ವರ್ಷ ನನ್ನನ್ನು ಹುಡಗಿ ಎಂಬ ಊರಿಗೆ ಕೊಟ್ಟರು. ನನ್ನ ರುಖವತಕ್ಕೆ ಕೈಹಚ್ಚುತ್ತೇನೆ ಎಂದಿದ್ದವಳು ಆಗ ತುಂಬು ಬಸುರಿ, ಬರಲಿಲ್ಲ. ನನ್ನ ರುಖವತವನ್ನು ನಾನೇ ಮಾಡಿಕೊಂಡೆ, ರಟ್ಟು ಮತ್ತು ಅಂಟಿನಿಂದ. ಹುಡಗಿಯಿಂದ ಬಸವಕಲ್ಯಾಣ ದೂರವೇನಲ್ಲ, ದಿನಾ ಬಸ್ಸುಗಳಿವೆ. ಒಂದೆರಡು ಸಲ ಹೋಗಲು ತಯಾರಾಗಿಯೂ ಇದ್ದೆ. ಅಷ್ಟರಲ್ಲಿ ಸುದ್ದಿ ಬಂತು: ಕಸ್ತೂರಿಯ ಗಂಡ ಪಾನ್ ಅಂಗಡಿಯನ್ನು ಬಸವಕಲ್ಯಾಣಕ್ಕೆ ಎತ್ತಿದ್ದಾನೆ, ಮನೆ ಮಾಡಿದ್ದು ಮಾದೇವಿಯ ಹಿಂದಿನ ಓಣಿಯಲ್ಲೇ. ಇನ್ನು ನಾನು ಯಾಕೆ ಹೋಗಲಿ? ಇಬ್ಬರೂ ದಿನಾ ಕಟ್ಟೆಯ ಮೇಲೆ ತೊಡೆಗೆ ತೊಡೆ ಹಚ್ಚಿ ಕೂತಿರುತ್ತಾರೆ, ನಾನು ಹೋಗಿ ಎದುರಿಗೆ ನಿಲ್ಲಬೇಕೇ? ಹೀಗೆ ವರ್ಷಗಳು ಹೋದವು. ಎರಡು ಕಡೆಯ ಸಾವು, ಬಾಣಂತನಗಳಲ್ಲಿ ಮುಖ ನೋಡಿದ್ದು ಬಿಟ್ಟರೆ ಕೂತು ಮಾತಾಡಿದ್ದಿಲ್ಲ.

ಈಗ ಕಪಾಟಿನ ಮುಂದೆ ನಿಂತ ನನ್ನ ಹಿಂದೆ ಮಾದೇವಿ ಬಂದು ನಿಂತಳು. ತಲೆ ಅರ್ಧ ಹಣ್ಣಾಗಿದೆ, ದನಿ ಅದೇ.

"ನಿನ್ನ ಮನಿ ಉಳೀಲಿಲ್ಲ ಶಾಂತಾ. ಮೈದಾಹಿಟ್ಟಿಗಿ ಇರುವಿ ಹತ್ತಿ ತಿಂದು ಹೋದವು. ಭಾಳ ಅತ್ತೆ ಅವತ್ತ."

"ಅಳಾಕ ಏನದ, ರಟ್ಟು," ಅಂದೆ.

"ಗವಾಕ್ಷಿ ಇತ್ತಲ್ಲ ಅದರಾಗ."

ನಾನು ಕಪಾಟಿನೊಳಗೆ ತಲೆ ತೂರಿಸಿದೆ. ಗಿಣಿಗಳನ್ನು ಹೊರಗೆ ತೆಗೆದೆ. ಬಲಕ್ಕೆ ನೋಡುವುದು ಹೊಸದರಂತೆ ಹೊಳೆಯುತ್ತಿತ್ತು. ಇಲಿ ಕಡಿದಾಗಲೊಮ್ಮೆ, ಬಣ್ಣ ಮಾಸಿದಾಗಲೊಮ್ಮೆ ಹೊಸ ಪತ್ರಿಕೆಯ ಕೊಂಡಿ ಹಾಕಿ ಹಾಕಿ, ಹಳೆಯದು ಅದರಲ್ಲಿ ಒಂದೂ ಉಳಿದಿರಲಿಲ್ಲ. ಎಡಕ್ಕೆ ನೋಡುವುದು ನಾನು ಕಟ್ಟಿದಾಗ ಇದ್ದ ಹಾಗೆಯೇ ಇತ್ತು, ಅದೇ ಮಾಸಿದ ಗುಲಾಬಿ, ಅದೇ ಉರ್ದು ಅಕ್ಷರ. ಎದೆಯಲ್ಲಿ ಮಾತ್ರ ಒಂದು ದೊಡ್ಡ ತೂತು.

"ಇದನ್ನ ಯಾಕ ರಿಪೇರಿ ಮಾಡಲಿಲ್ಲ?"

"ಯಾರಿಗಿ ಬರತದ? ಈ ಊರಾಗ ಎಲ್ಲಾರೂ ಮಡಚತಾರ, ಆದ್ರ ಎಲ್ಲಾರದೂ ಸೀದಾ. ಕಸ್ತೂರಿ ವೈನಿನೂ ನೋಡಿದಳು. ಉಲ್ಟಾ ಮಡಚಾಕ ಕುಂತ್ರ ಆಕಿ ಕೈ ತಾನs ಸೀದಾ ಹೊಂಟತದ. ಕಡೀಗಿ ಆಕಿನs ಅಂದಳು, ಬಿಡು, ಇದು ಶಾಂತಕ್ಕನ ಕೆಲಸ, ಆಕಿ ಬಂದಾಗ ತುಂಬತಾಳ ಅಂತ."

ಕಸ್ತೂರಿಯ ಕೈಗೂ ಬರಲಿಲ್ಲ. ಈ ಮಾತನ್ನು ಇನ್ನೊಂದು ಸಲ ಹೇಳಿಸಬೇಕು ಅನಿಸಿತು. ಹೇಳಿಸಿದೆ ಕೂಡ, ಕಿವಿ ಸರಿಯಾಗಿ ಕೇಳದವಳ ಹಾಗೆ ನಟಿಸಿ.

"ಒಂದು ಕಾಗದಾ ಹಾಕಬೇಕಿಲ್ಲ ನೀ?"

"ಹಾಕಿದ್ರ ಬರತಿದ್ದಿ ಏನ? ಮಾರಿ ತಿರುವಿಕೊಂಡು ಲಾರಿ ಹತ್ತಿದಾಕಿ," ಎಂದಳು ಮಾದೇವಿ. ನಗುತ್ತಲೇ ಹೇಳಿದಳು, ಆದರೆ ಇಪ್ಪತ್ತು ವರ್ಷ ಇಟ್ಟುಕೊಂಡಿದ್ದ ಮಾತು ಅದು. "ಜಯಶ್ರೀ ರುಖವತದಾಗ ಇವೆರಡೂ ಗಿಣಿ ಇಡಬೇಕಂತ ಮಾಡೇನಿ. ಅದಕ್ಕs ನಿನ್ನ ಮೂರು ದಿವಸ ಮೊದಲs ಕರಸೇನಿ. ವೈನಿ ಸಂಜಿಗಿ ಬರತಾಳ."

ಸಂಜೆಗೆ. ಅಂದರೆ ಮಧ್ಯಾಹ್ನ ಪೂರ್ತಿ ನನ್ನದು.

ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತೆ. ಜಯಶ್ರೀಯ ಲಗ್ನಪತ್ರಿಕೆಯನ್ನೇ ಕತ್ತರಿಸಿ ಚೌಕ ಮಾಡಿದೆ. ವರ್ಷಗಳಿಂದ ಮಡಚಿರಲಿಲ್ಲ, ಆದರೆ ಬೆರಳುಗಳಿಗೆ ದಾರಿ ನೆನಪಿತ್ತು. ಮೊದಲ ಕೊಂಡಿ ಎದೆಯ ತೂತಿನ ಅಂಚಿಗೆ ಸರಕ್ಕೆಂದು ಸಿಕ್ಕಿಕೊಂಡಿತು. ಮಾದೇವಿ ಬಂದು ನನ್ನ ಪಕ್ಕದಲ್ಲಿ, ತೊಡೆಗೆ ತೊಡೆ ಹಚ್ಚಿ ಕುಳಿತಳು. ಮಡಚಲಿಲ್ಲ, ಸುಮ್ಮನೆ ನೋಡುತ್ತ ಕುಳಿತಳು.

ಜಯಶ್ರೀ ಓಡಿ ಬಂದಳು. ಚುರುಕು ಹುಡುಗಿ, ಕಣ್ಣು ಅವ್ವನದೇ.

"ಮೌಶಿ, ನನಗೂ ಕಲಸ್ರಿ. ಕಸ್ತೂರಿ ಮಾಮಿ ಸೀದಾದ್ದು ಕಲಸ್ಯಾಳ, ಈ ಉಲ್ಟಾದ್ದು ಮನ್ಯಾಗ ಒಬ್ಬರಿಗರ ಬರಬೇಕಲ್ಲ. ಇನ್ನs ಮ್ಯಾಲ ತೂತ ಬಿದ್ರ ನಿಮಗ ತ್ರಾಸ ಬ್ಯಾಡ, ನಾವs ತುಂಬತೀವಿ."

ತ್ರಾಸ ಬೇಡವಂತೆ. ಗಿಣಿಯ ಎದೆಯನ್ನು ಯಾರು ಬೇಕಾದರೂ ತುಂಬುವ ಹಾಗಾದರೆ, ಈ ಮನೆಯಿಂದ ನನಗೆ ಇನ್ನು ಯಾಕೆ ಕರೆ ಬರುತ್ತದೆ?

"ಕಲಸತೀನಿ, ಅದಕ್ಕೇನ," ಎಂದೆ.

ಹುಡುಗಿ ಒಂದು ಚೌಕ ಕಾಗದ ಹಿಡಿದುಕೊಂಡು ಸರಿಯಾಗಿ ನನ್ನ ಎದುರಿಗೆ ಕುಳಿತಳು. ಎದುರಿಗೆ ಕೂತು ಕಲಿತರೆ ನನ್ನ ಉಲ್ಟಾ ಅವಳ ಕೈಯಲ್ಲಿ ಮತ್ತೆ ಸೀದಾ ಆಗುತ್ತದೆ. ನನ್ನ ಇನ್ನೊಂದು ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು. ಮಾದೇವಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಬಾಜೂಕೆ ಬಾ ಎಂದು ನಾನು ಹೇಳಲಿಲ್ಲ. ಅವಳೂ ಹೇಳಲಿಲ್ಲ.